ಬೀದಿ ಹಂಚಿದ ಮುರಿಗೆವ್ವ

ಗಜೇಂದ್ರಗಡದ ಬೀದಿಗಳನ್ನು ಮುನ್ಸಿಪಾಲ್ಟಿಯ ಓವರಸಿಯರ್ ಟೇಪು ಹಿಡಿದು ಅಳೆಯುತ್ತಿದ್ದ. ಮುರಿಗೆವ್ವ ಮೊಳ ಹಾಕಿ ಅಳೆಯುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನಡು ಬಗ್ಗಿಸಿ, ಮೊಣಕೈಯಿಂದ ಬೆರಳ ತುದಿಯವರೆಗಿನ ಕೈಯನ್ನು ನೆಲಕ್ಕೆ ಊರುತ್ತ, 'ಒಂದ, ಎರಡ, ಮೂರ' ಎಂದು ಈ ಗೋಡೆಯಿಂದ ಆ ಗೋಡೆಗೆ ಹೊರಟಳೆಂದರೆ, ಹಿಂದೆ ಕರಿ ಟೊಪ್ಪಿಗೆಯ ಅಧ್ಯಕ್ಷರು, ಅವರ ಹಿಂದೆ ಕೊಡೆ ಹಿಡಿದ ಸೆಕ್ರೆಟರಿ, ಅವರ ಹಿಂದೆ ನಾವು ನಾಲ್ಕಾರು ಮೆಂಬರುಗಳು ನಿಬ್ಬಣದವರಂತೆ ಸಾಲಾಗಿ ನಡೆಯುತ್ತಿದ್ದೆವು. ಕಟ್ಟೆಯ ಮೇಲೆ ಕುಳಿತವರಿಗೆ ಅದಕ್ಕಿಂತ ದೊಡ್ಡ ಮೋಜು ಇರಲಿಲ್ಲ. ಆದರೆ ಓವರಸಿಯರನ ಟೇಪಿನ ತುದಿ ಎಂದೋ ಹರಿದು ಹೋಗಿತ್ತು, ಎಷ್ಟು ಹರಿದಿದೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ಹೀಗಾಗಿ ನಮ್ಮ ಸಭೆಯ ಪುಸ್ತಕದಲ್ಲಿ 'ಮುರಿಗೆವ್ವನವರ ಮೊಳದಂತೆ ಹನ್ನೊಂದು ಮೊಳ' ಎಂಬ ಒಕ್ಕಣೆ ಸೆಕ್ರೆಟರಿಯ ದುಂಡು ಅಕ್ಷರದಲ್ಲಿ ಎಷ್ಟೋ ಕಡೆ ಸಿಗುತ್ತದೆ.

ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಡೆಯ ವರ್ಷಗಳು ಅವು. ನಾನು ಪೇಟೆಯ ಕಡೆಯಿಂದ ಆರಿಸಿ ಬಂದ ಮೆಂಬರು. ರೈತರ ಮಾಲು ತೂಗಿ ಮಾರಿಸುವ ಅಡತಿ ಅಂಗಡಿ ಇತ್ತು, ವಯಸ್ಸು ಮೂವತ್ತು ದಾಟಿರಲಿಲ್ಲ, ಮೀಸೆಗೆ ಎಣ್ಣೆ ಹಚ್ಚುತ್ತಿದ್ದೆ, ಮಾತಿಗೂ ಅಷ್ಟೇ. ಮುರಿಗೆವ್ವ ನೇಕಾರ ಓಣಿಯ ವಿಧವೆ, ನನ್ನ ತಾಯಿಯ ವಯಸ್ಸಿನವಳು. ಹೆಂಗಸರಿಗೆಂದು ಇಟ್ಟಿದ್ದ ಜಾಗಕ್ಕೆ ಆಕೆ ಬಂದದ್ದೇ ಒಂದು ತಮಾಷೆ. ಊರಿನ ಇಬ್ಬರು ದೊಡ್ಡವರಿಗೆ ತಂತಮ್ಮ ಹೆಂಡಿರನ್ನು ಆ ಕುರ್ಚಿಯಲ್ಲಿ ಕೂಡಿಸಬೇಕಿತ್ತು. ಇವನ ಹೆಂಡತಿ ಕೂತರೆ ಅವನಿಗಾಗದು, ಅವನ ಹೆಂಡತಿ ಕೂತರೆ ಇವನಿಗಾಗದು. ಕೊನೆಗೆ 'ಯಾರಿಗೂ ತ್ರಾಸ ಕೊಡದ ಮುದುಕಿ' ಎಂದು ಇಬ್ಬರೂ ಸೇರಿ ಈಕೆಯನ್ನು ಒಪ್ಪಿದರು. ಆ ಮಾತಿನಲ್ಲಿ ಅವರು ಎಷ್ಟು ತಪ್ಪಿದ್ದರೆಂದು ಆರು ತಿಂಗಳಲ್ಲಿ ಇಬ್ಬರಿಗೂ ತಿಳಿಯಿತು.

ಮುನ್ಸಿಪಾಲ್ಟಿಯಲ್ಲಿ ಯಾರಿಗೂ ಬೇಡವಾದ ಕೆಲಸವೆಂದರೆ ತಕರಾರು ಅರ್ಜಿಗಳದ್ದು. ಓಣಿಯಲ್ಲಿ ಚಕ್ಕಡಿ ಬಿಟ್ಟಿದ್ದಾರೆ, ಬಾಗಿಲಿಗೆ ಎಮ್ಮೆ ಕಟ್ಟಿದ್ದಾರೆ, ಗಟಾರಕ್ಕೆ ಬೂದಿ ಸುರಿದಿದ್ದಾರೆ, ಮಧ್ಯಾಹ್ನದ ಹೊತ್ತು ಖಾರ ಕುಟ್ಟಿ ಇಡೀ ಓಣಿಯನ್ನು ಸೀನಿಸಿದ್ದಾರೆ. ಯಾವ ಕಡೆ ನ್ಯಾಯ ಹೇಳಿದರೂ ಇನ್ನೊಂದು ಕಡೆಯ ಓಟು ಹೋಯಿತೆಂದೇ ಲೆಕ್ಕ. ನಾವು ಜಾಣರು, ಆ ಅರ್ಜಿಗಳ ಕಟ್ಟನ್ನು ಮುರಿಗೆವ್ವನ ಮುಂದೆ ಸರಿಸಿ ಕೈ ತೊಳೆದುಕೊಂಡೆವು. ಆಕೆಗೆ ಸಹಿ ಮಾಡುವಷ್ಟೇ ಅಕ್ಷರ ಬರುತ್ತಿತ್ತು. ಅರ್ಜಿ ತಂದವರು ಓದಲು ಹೊರಟರೆ ಕೈ ಅಡ್ಡ ಮಾಡುವಳು.

"ಅರ್ಜಿ ಇರ್ಲಿ ಬಿಡ್ರಿ. ತ್ರಾಸ ಯಾವ ಹೊತ್ತಿಗೆ ಆಗತೈತಿ, ಅದನ್ನ ಹೇಳ್ರಿ."

ಆ ಹೊತ್ತಿಗೆ ಸರಿಯಾಗಿ ಕಂಡಿಕೆಯ ಬುಟ್ಟಿ ಹಿಡಿದು ಅಲ್ಲಿ ಹೋಗಿ ಕೂಡುವಳು. ಒಂದು ದಿನವಲ್ಲ, ಮೂರು ದಿನ. ನೂಲು ಸುತ್ತುತ್ತ ಸುಮ್ಮನೆ ನೋಡುವಳು. "ಬೀದಿ ಯಾರಪ್ಪಂದೂ ಅಲ್ಲ. ಅದಕ್ಕ ಎಲ್ಲಾರಿಗೂ ಒಂದೊಂದು ಹೊತ್ತು ಕೊಡಬೇಕು" ಎಂಬುದು ಆಕೆಯ ಕಾಯಿದೆ.

ಒಮ್ಮೆ ರಿಟಾಯರಾದ ಮಾಸ್ತರರೊಬ್ಬರು ಎದುರು ಮನೆಯವರ ಎಮ್ಮೆಯ ಮೇಲೆ ಮೂರು ಪುಟದ ಅರ್ಜಿ ಬರೆದರು. ಸಾರ್ವಜನಿಕ ಮಾರ್ಗಕ್ಕೆ ಅಡಚಣೆ, ಮೂತ್ರ, ನೊಣ, ವಿದ್ಯಾವಂತರಿಗೆ ಅವಮಾನ, ಎಲ್ಲವೂ ಅದರಲ್ಲಿತ್ತು. ಮುರಿಗೆವ್ವ ಎರಡು ಮುಂಜಾನೆ ಅಲ್ಲಿ ಕೂತಳು. ಮೂರನೆಯ ದಿನ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ಮೊಳ ಹಾಕಿದಳು. ಮುಗಿಸಿ, ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತು, "ಎಮ್ಮಿ ತನ್ನ ಜಾಗದಾಗ ಐತ್ರಿ ಮಾಸ್ತರ. ನಿಮ್ಮ ಕಟ್ಟಿ ಬೀದಿಗೆ ಬಂದು ನಿಂತೈತಿ, ಎರಡು ಮೊಳ" ಎಂದಳು.

ಮಾಸ್ತರರ ಮುಖ ನೋಡುವ ಹಾಗಿರಲಿಲ್ಲ. ನಾನಾಗಿದ್ದರೆ ಆ ಗಳಿಗೆಯಲ್ಲೇ ಕಟ್ಟೆ ಒಡೆಸಿ ಹೆಸರು ಮಾಡಿಕೊಳ್ಳುತ್ತಿದ್ದೆ.

"ಕಟ್ಟಿ ಒಡಸೂದು ಬ್ಯಾಡ" ಎಂದಳು ಮುರಿಗೆವ್ವ. "ನೀವು ಅದರ ಮ್ಯಾಲೆ ಕುಂತು ಪೇಪರ ಓದ್ತೀರಿ, ನಾಕ ಮಂದಿ ಕೇಳ್ತಾರ. ಹಾಲು ಹಿಂಡೂತನಕ ಎಮ್ಮಿ ಇಲ್ಲೇ ನಿಂದರ್ಲಿ, ಆಮ್ಯಾಲೆ ಹಿತ್ತಲಕ್ಕ ಹೋಗ್ಲಿ. ಏನಂತೀರಿ?"

ಮಾಸ್ತರರು ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಮುಂದೆ ಆ ಎಮ್ಮೆ ಈದಾಗ ಮೊದಲ ಗಿಣ್ಣದ ಬಟ್ಟಲು ಅವರ ಮನೆಗೇ ಹೋಯಿತಂತೆ.

ಇದೆಲ್ಲ ನಗುವ ಮಾತಾಯಿತು. ನಗು ಬಾರದ ಮಾತು ನೇಕಾರ ಓಣಿಯದು. ನನ್ನ ಅಂಗಡಿ ಇದ್ದದ್ದು ಅದೇ ಓಣಿಯ ತುದಿಯಲ್ಲಿ. ಸಂತೆಯ ದಿನ ಸೂಡಿ, ಅಬ್ಬಿಗೇರಿಯ ಕಡೆಯಿಂದ ಹತ್ತಿ, ಶೇಂಗಾ ಹೇರಿಕೊಂಡು ಬಂದ ಚಕ್ಕಡಿಗಳು ನಸುಕಿನಲ್ಲೇ ಓಣಿಗೆ ನುಗ್ಗಿ, ಎತ್ತು ಬಿಚ್ಚಿ, ನೊಗ ನೆಲಕ್ಕಿಳಿಸಿ ನಿಂತುಬಿಡುತ್ತಿದ್ದವು. ಅದೇ ಹೊತ್ತಿಗೆ ನೇಕಾರರಿಗೂ ಓಣಿ ಬೇಕು. ಸೀರೆಯ ಹಾಸಿನ ನೂಲನ್ನು ಓಣಿಯುದ್ದಕ್ಕೂ ಗಳಗಳ ಮೇಲೆ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಇಬ್ಬಿಬ್ಬರು ದೊಡ್ಡ ಕುಂಚ ಹಿಡಿದು ಎಳೆ ಎಳೆಯೂ ಬಿಡಿಯಾಗುವಂತೆ ತಿಕ್ಕುತ್ತ ಒಣಗಿಸುತ್ತಾರೆ. ಇದಕ್ಕೆ ಉಂಕಿ ಎನ್ನುತ್ತಾರೆ. ಒಣಗುವ ಮೊದಲು ಸುತ್ತಿದರೆ ಎಳೆಗಳು ಒಂದಕ್ಕೊಂದು ಅಂಟಿ ಇಡೀ ಹಾಸು ಕೆಟ್ಟಿತು.

ಒಂದು ಸಂತೆಯ ಮುಂಜಾನೆ ಎರಡು ಉಂಕಿಗಳ ನಡುವೆ ಅಬ್ಬಿಗೇರಿಯ ಒಂದು ಚಕ್ಕಡಿ ನೊಗ ಇಳಿಸಿಬಿಟ್ಟಿತು. ನಮ್ಮ ಸೀಮೆಯಲ್ಲಿ ನೊಗ ದಾಟಬಾರದು, ಉಂಕಿಯನ್ನೂ ದಾಟಬಾರದು. ನೊಗ ದಾಟಿ ನೇಕಾರರು ಕುಂಚ ಎಳೆಯುವಂತಿಲ್ಲ, ಉಂಕಿ ದಾಟಿ ರೈತರು ಎತ್ತಿನ ಬಳಿ ಹೋಗುವಂತಿಲ್ಲ. ಎರಡೂ ಕಡೆಯವರು ಭಕ್ತಿಯಿಂದ ತಮ್ಮ ತಮ್ಮ ಜಾಗದಲ್ಲೇ ನಿಂತು ಬೈದಾಡಿದರು. ಕೈಗೆ ಕೈ ಹತ್ತಲಿಲ್ಲ, ಹತ್ತಬೇಕಾದರೆ ಯಾವುದಾದರೊಂದನ್ನು ದಾಟಬೇಕಿತ್ತು. ಬಿಸಿಲೇರುವಷ್ಟರಲ್ಲಿ ಒಂದು ಉಂಕಿ ಕುಂಚ ಕಾಣದೆ ಕೆಟ್ಟಿತು, ಎತ್ತುಗಳು ಮೇವು ನೀರಿಲ್ಲದೆ ನಿಂತವು. ಎರಡೂ ಕಡೆಯ ಅರ್ಜಿಗಳು ಒಂದೇ ದಿನ ಮುನ್ಸಿಪಾಲ್ಟಿಗೆ ಬಂದವು.

ಸಭೆಯಲ್ಲಿ ನಾನು ಎದ್ದು ನಿಂತು ಠರಾವು ಮಂಡಿಸಿದೆ: ಉಂಕಿಯನ್ನು ಇನ್ನು ಮೇಲೆ ಊರ ಹೊರಗಿನ ಬಯಲಿನಲ್ಲಿ ಹಾಕಬೇಕು. ಇಲ್ಲಿ ಜಾಗ ಸಿಗದಿದ್ದರೆ ರೈತರು ರೋಣದ ಪೇಟೆ ಹಿಡಿಯುತ್ತಾರೆ, ಊರು ಹಾಳಾಗುತ್ತದೆ ಎಂದು ಗಂಟಲು ಹರಿಯುವಂತೆ ಹೇಳಿದೆ. ಊರು ಎಂದಾಗ ನಾನು ನನ್ನ ಅಂಗಡಿಯನ್ನೇ ನೆನೆದಿದ್ದೆ, ಸುಳ್ಳೇಕೆ ಹೇಳಲಿ.

"ಬಯಲಾಗ ಗಾಳಿಗೆ ಎಳಿ ನಿಲ್ಲೂದಿಲ್ರಿ ಸಾವ್ಕಾರ್ರ" ಎಂದಳು ಮುರಿಗೆವ್ವ. "ಎರಡೂ ಕಡೆ ಮನಿ ಇದ್ರ ಉಳೀತಾವ. ನನಗ ಐದು ಸಂತಿ ಟೈಮ ಕೊಡ್ರಿ."

ಐದು ಸಂತೆ ಆಕೆ ಓಣಿಯ ಬಾಯಿಯಲ್ಲಿ ಕೂತಳು. ಆರನೆಯ ವಾರ ಸಭೆಗೆ ಬಂದು, "ಚಕ್ಕಡಿ ನಸುಕಿನ್ಯಾಗ ಬರತಾವ, ಖರೇ. ಆದ್ರ ನಮ್ಮ ಸಾವ್ಕಾರ್ರು ತಕ್ಕಡಿ ಎತ್ತೂದು ಒಂಬತ್ತು ಬಡದ ಮ್ಯಾಲೆ. ಅಲ್ಲೀತನಕ ರೈತರು ಏನ ಮಾಡತಾರ? ಚಕ್ಕಡಿ ಕೆಳಗ ನಿದ್ದಿ. ನಿದ್ದಿ ಮಾಡಾಕ ಕೆರಿ ದಂಡಿ ಐತಲ್ರಿ, ಗಿಡದ ನೆಳ್ಳು, ಎತ್ತಿಗೆ ನೀರು!" ಎಂದಳು. ಸಭೆ ಗೊಳ್ಳೆಂದು ನಕ್ಕಿತು. ನಾನು ಮಾತ್ರ ನಗಲಿಲ್ಲ.

ಠರಾವು ಆಕೆ ಹೇಳಿದಂತೆ ಆಯಿತು. ಮುನ್ಸಿಪಾಲ್ಟಿಯ ಮುಂದೆ ಜವಾನ ಕಬ್ಬಿಣದ ಪಟ್ಟಿಗೆ ತಾಸು ಬಡಿಯುತ್ತಿದ್ದ; ಅದು ಒಂಬತ್ತು ಬಡಿಯುವವರೆಗೆ ಓಣಿ ಉಂಕಿಯದು. ಒಂಬತ್ತು ಬಡಿದ ಮೇಲೆ ಚಕ್ಕಡಿಯದು, ಒಂದು ಎಳೆಯೂ ಬೀದಿಯಲ್ಲಿ ಇರಕೂಡದು. ಆಕೆಯ ಓಣಿಯವರೇ ಆಕೆಯ ಮೇಲೆ ಸಿಟ್ಟಾದರು. "ನಮ್ಮಾಕಿ ಅಂತ ಕಳಿಸಿದ್ರ ನಮ್ಮ ಕುತಗೀನ ಹಿಚಕಿದಿ. ಮೋಡ ಬಿದ್ದ ದಿನ ಹ್ಯಾಂಗ?" ಎಂದು ಜಗಳ ತೆಗೆದರು. "ಮೋಡ ನೋಡಿ ಉಂಕಿ ಹಾಕ್ರಿ" ಎಂದಳು. ಅಷ್ಟೇ.

ಸಭೆಯಲ್ಲಿ ನಕ್ಕವರ ಮುಖಗಳು ನನ್ನ ಕಣ್ಣಿಗೆ ಕಟ್ಟಿದ್ದವು. ಹೊತ್ತು ಕಾಯುತ್ತಿದ್ದೆ. ಶ್ರಾವಣದ ಒಂದು ಸಂತೆಯ ದಿನ ಆ ಹೊತ್ತು ಬಂತು. ಮುಂಜಾನೆ ಆಕಾಶ ಬಿಳುಪಾಗಿತ್ತು. ಮುರಿಗೆವ್ವನ ಮನೆಯವರು ತಮ್ಮದೇ ಉಂಕಿ ಹಾಕಿದರು. ಗಂಜಿ ಹಚ್ಚಿ ಮುಗಿಯುವಷ್ಟರಲ್ಲಿ ಮೋಡ ಕವಿಯಿತು, ಎಳೆ ಒಣಗಲೊಲ್ಲದು. ಅಂಗಡಿಯ ಕಟ್ಟೆಯಿಂದ ನಾನು ಅದನ್ನು ನೋಡಿದೆ. ನನ್ನ ಅಂಗಡಿಗೇ ಮಾಲು ತರುತ್ತಿದ್ದ ಸೂಡಿಯ ರೈತ ಕಳಕಪ್ಪ ಹಿಂದಿನ ಸಂಜೆಯೇ ಮಾಲು ಇಳಿಸಿ ಕೆರೆ ದಂಡೆಯಲ್ಲಿದ್ದ. ಅವನಿಗೆ ಹೇಳಿ ಕಳಿಸಿದೆ: ಒಂಬತ್ತಕ್ಕೆ ಸರಿಯಾಗಿ ಚಕ್ಕಡಿ ಹೂಡಿಕೊಂಡು ಓಣಿಯ ಬಾಯಿಗೆ ಬಾ. ಚಕ್ಕಡಿಯಲ್ಲಿ ಏನೂ ಇರಲಿಲ್ಲ. ಏಕೆ ಕರೆಸಿದೆನೆಂದು ಅವನಿಗೆ ಗೊತ್ತಿರಲಿಲ್ಲ.

ತಾಸು ಒಂಬತ್ತು ಬಡಿಯಿತು. ನಾನು ಚಕ್ಕಡಿಯ ಪಕ್ಕ ನಿಂತು, "ಒಂಬತ್ತ ಬಡೀತ್ರಿ ಮುರಿಗೆವ್ವಾರ" ಎಂದೆ.

ಕಳಕಪ್ಪ ಉಂಕಿ ನೋಡಿದ, ನನ್ನನ್ನು ನೋಡಿದ. "ಇರ್ಲಿ ಬಿಡ್ರಿ ಸಾವ್ಕಾರ್ರ, ಒಣಗ್ಲಿ. ನಾ ಬೀಡಿ ಸೇದಕೋತ ಇಲ್ಲೇ ನಿಂದರ್ತೀನಿ" ಎಂದ. ಓಣಿಯ ಗಂಡಸರೂ ಒಟ್ಟಾದರು. ಇಂಥ ದಿನ ಯಾರು ಏನನ್ನುತ್ತಾರೆ, ಮೆಂಬರ ಮನೆಯ ಉಂಕಿ, ಅರ್ಧ ತಾಸಿನ ಮಾತು ಎಂದರು. ಮುರಿಗೆವ್ವ ಅಂಗೈಯ ಹಿಂಬದಿಯನ್ನು ಎಳೆಗಳ ಮೇಲೆ ಇಟ್ಟು ನೋಡಿದಳು. ಹಸಿ ಇತ್ತು. ಕುಂಚ ಹಿಡಿದು ನಿಂತ ಮಗಳನ್ನು ಒಮ್ಮೆ ನೋಡಿದಳು. ಆಮೇಲೆ, "ಎತ್ರಿ" ಎಂದಳು.

"ಯವ್ವಾ..." ಎಂದಿತು ಆ ಹುಡುಗಿ.

"ಎತ್ರಿ ಅಂದ್ನಲ್ಲ. ಹೊಡಿ ತಮ್ಮಾ ಕಳಕಪ್ಪ, ಚಕ್ಕಡಿ ಹೊಡಿ."

ಹಸಿ ಉಂಕಿಯನ್ನು ಸುತ್ತಿ ಒಳಗೆ ಒಯ್ದರು. ಕಳಕಪ್ಪ ತಲೆ ತಗ್ಗಿಸಿ ಚಕ್ಕಡಿಯನ್ನು ಓಣಿಯ ಈ ತುದಿಯಿಂದ ಆ ತುದಿಗೆ ಹೊಡೆದುಕೊಂಡು ಹೋದ. ಸಂಜೆ ಅಂಗಡಿಗೆ ಬಂದು, ಒಳಗೆ ಕಾಲಿಡದೆ ಹೊರಗೇ ನಿಂತು ಹೇಳಿದ: "ಅದು ಮಗಳ ಮದಿವಿ ಸೀರಿ ಉಂಕಿ ಅಂತ್ರಿ. ಊರ ಮಂದಿಗೆಲ್ಲ ನೇಯ್ದ ಮನಿ, ತಮ್ಮ ಸಲುವಾಗಿ ಹಾಕಿದ್ದು ಇದೊಂದ. ಇನ್ನ ನಾ ನಿಮ್ಮ ಅಂಗಡಿಗೆ ಬರೂದಿಲ್ರಿ." ಅವನು ಮತ್ತೆ ಬರಲಿಲ್ಲ, ರೋಣದ ಪೇಟೆ ಹಿಡಿದ.

ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೆ ಹಾಗೆ ಮಾಡುತ್ತಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಮದುವೆಗೆ ಹೋದೆ. ಹುಡುಗಿ ನೆರೆಮನೆಯವರು ತಮ್ಮ ಮಗ್ಗದಿಂದ ಇಳಿಸಿ ಕೊಟ್ಟ ಸೀರೆಯುಟ್ಟು ಕೂತಿದ್ದಳು. ಅಕ್ಕಿಕಾಳು ಹಾಕಿ, ಊಟಕ್ಕೆ ಕೂಡದೆ ಹೊರಬಿದ್ದೆ. ಅದಕ್ಕೂ ಮೊದಲು ಸಭೆಯಲ್ಲಿ ಮುರಿಗೆವ್ವ ಎದುರಾದಾಗ ನಾಲ್ಕು ಮಾತು ಅನ್ನುತ್ತಾಳೆಂದು ಕಾದಿದ್ದೆ. "ಸಾವ್ಕಾರ್ರ, ಅವತ್ತ ತಾಸಿಗೆ ಸರಿಯಾಗಿ ನೆಪ್ಪ ಮಾಡಿದ್ರಿ. ಚಲೋ ಆತು" ಎಂದಳು. ಆ ಮಾತಿನಲ್ಲಿ ಮುಳ್ಳು ಹುಡುಕಿದೆ, ಸಿಗಲಿಲ್ಲ. ಅಂದಿನಿಂದ ಒಂಬತ್ತರ ಮೇಲೆ ಆ ಓಣಿಯಲ್ಲಿ ಒಂದು ಎಳೆ ಕಾಣಲಿಲ್ಲ, ಒಂಬತ್ತರೊಳಗೆ ಒಂದು ಗಾಲಿ ಉರುಳಲಿಲ್ಲ. ನಮ್ಮ ಬೀದಿಗೂ ಹೊತ್ತು ಹಂಚಿಕೊಡಿ ಎಂದು ಬೇರೆ ಓಣಿಗಳವರು ತಾವಾಗಿ ಬಂದು ಕೇಳಿದರು. ಸರಕಾರದ ಕಾಯಿದೆಗಳನ್ನು ನಾನು ಬಹಳ ನೋಡಿದ್ದೇನೆ, ಅಷ್ಟು ಮರ್ಯಾದೆ ಪಡೆದದ್ದನ್ನು ಬೇರೆ ಕಾಣೆ.

ಅವಧಿ ಮುಗಿದ ಮೇಲೆ ಮುರಿಗೆವ್ವ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು. ಒಂದು ಮಧ್ಯಾಹ್ನ ಮನಸ್ಸು ಗಟ್ಟಿ ಮಾಡಿ ಆಕೆಯ ಮನೆಗೆ ಹೋದೆ. ಮಗ್ಗದ ಪಕ್ಕದಲ್ಲಿ ಕೂತು, ಬರೀ ಕೈ ಅಂದಾಜಿನಲ್ಲಿ ನೂಲು ಸುತ್ತುತ್ತಿದ್ದಳು. ಊರಿನ ಸುದ್ದಿ, ಮಳೆಯ ಸುದ್ದಿ ಎಲ್ಲ ಮುಗಿದರೂ ನನ್ನ ಮಾತು ಹೊರಬೀಳಲಿಲ್ಲ. ಕೊನೆಗೆ ಹೇಳಿದೆ.

"ಮುರಿಗೆವ್ವಾರ, ಅವತ್ತ ಆ ಚಕ್ಕಡ್ಯಾಗ ಏನೂ ಇರ್ಲಿಲ್ರಿ. ನಿಮಗ ತ್ರಾಸ ಕೊಡಾಕಂತ ನಾನ ಕರಸಿದ್ದೆ."

"ಗೊತ್ತಿತ್ತೋ ತಮ್ಮಾ."

ಯಾವಾಗಲೂ ಸಾವ್ಕಾರ್ರ ಎನ್ನುತ್ತಿದ್ದವಳು ಅಂದು ಮೊದಲ ಸಲ ತಮ್ಮಾ ಎಂದಳು.

"ಗೊತ್ತಿತ್ರಿ? ಹ್ಯಾಂಗ?"

"ತುಂಬಿದ ಚಕ್ಕಡಿ ಕಿರಗುಡತೈತಿ, ಖಾಲಿ ಚಕ್ಕಡಿ ಗಡಗಡ ಅಂತೈತಿ. ಐದು ಸಂತಿ ಕುಂತ ಕೇಳೀನಿ, ಅಷ್ಟೂ ತಿಳೀದನ?"

"ಮತ್ತ ಯಾಕ ಎತ್ತಿಸಿದ್ರಿ? ನನಗ ನಾಕ ಬೈದು ಕಳಸಬೇಕಿತ್ತು. ಇಡೀ ಓಣಿ ನಿಮ್ಮ ಕಡೆ ಇತ್ತು."

ಮುರಿಗೆವ್ವ ನೂಲು ಸುತ್ತುವುದನ್ನು ಬಿಡಲಿಲ್ಲ. "ಠರಾವಿನ್ಯಾಗ ನಾವು ಚಕ್ಕಡಿ ಅಂತ ಬರಸಿದ್ವಿ. ತುಂಬಿದ ಚಕ್ಕಡಿ ಅಂತ ಬರಸಿದ್ವೇನು?"

ಅಷ್ಟು ಹೇಳಿ ಸೊಸೆಯನ್ನು ಕರೆದು ನನಗೆ ಚಹಾ ಇಡಲು ಹೇಳಿದಳು. ತಪ್ಪಾಯಿತು ಎನ್ನಲೆಂದೇ ನಾನು ಹೋಗಿದ್ದೆ. ಚಹಾ ಕುಡಿದೆ, ಬಟ್ಟಲು ಕೆಳಗಿಟ್ಟೆ, ಕೈ ಮುಗಿದು ಬಂದೆ. ಇನ್ನೊಮ್ಮೆ ಹೋದಾಗ ಹೇಳಿದರಾಯಿತು ಎಂದುಕೊಂಡೆ. ಸಂಕ್ರಮಣದ ಮರುವಾರ ಆಕೆ ತೀರಿಕೊಂಡಳೆಂದು ಹೇಳಿಕಳಿಸಿದರು. ನಾನು ಪರವೂರಿನಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು, ಮತ್ತು ಆ ಒಂದು ಮಾತು ನನ್ನಲ್ಲೇ ಉಳಿಯಿತು.