ಚಿಲಕವಿಲ್ಲದ ಖೋಲಿ

ಕೆಲಸದ ಮೇಲೆ ಧಾರವಾಡಕ್ಕೆ ಹೋದವನು ಒಂದು ವಾರ ಕೋಚಿಂಗ್ ಹುಡುಗರ ಪೀಜಿಯಲ್ಲಿ ಉಳಿದೆ. ಚೀಲದಲ್ಲೊಂದು ಹಳೆಯ ಪತ್ತೇದಾರಿ ಕಾದಂಬರಿ ಇತ್ತು: ಒಳಗಿನಿಂದ ಚಿಲಕ ಹಾಕಿದ ಕೋಣೆ, ಅದರಲ್ಲೊಂದು ಹೆಣ. ಇಂಥವನ್ನು ನಾನೂ ಚಿಲಕ ಹಾಕಿಕೊಂಡೇ ಓದಬೇಕು, ಅದರ ಮಜಾನೇ ಬೇರೆ. ನೋಡಿದರೆ ಬಾಗಿಲಿಗೆ ಒಳಚಿಲಕವೇ ಇಲ್ಲ, ಬರೀ ಸ್ಕ್ರೂ ತೂತುಗಳು. ಸಿಟ್ಟಿನಿಂದಲೇ ಮಾಲಕಿಯನ್ನು ಕೇಳಿದೆ.

"ಎಲ್ಲಾ ಖೋಲೀದೂ ತಗಸೇವ್ರಿ. ಹೋದ ವರ್ಷ ರಿಸಲ್ಟ್ ಬಂದ ದಿನಾ ಈ ಬಾಗಲಾ ಒಡೀಬೇಕಾತು. ಹುಡುಗ ಉಳೀಲಿಲ್ಲ."

ಆಮೇಲೆ ನನ್ನ ಕೈಯತ್ತ ನೋಡಿ, "ಆ ಪುಸ್ತಕದಾಗ ಏನೈತ್ರಿ?" ಎಂದರು.

ಸುಳ್ಳು ಹೊಳೆಯಲಿಲ್ಲ. "ಮುಚ್ಚಿದ ಖೋಲ್ಯಾಗ ಒಬ್ಬ ಸತ್ತಿರತಾನ್ರಿ. ಕೊಂದವರು ಯಾರು ಅಂತ ಎಲ್ಲಾರೂ ಕೇಳ್ತಾರ."

"ಪುಸ್ತಕದಾಗರ ಕೇಳ್ತಾರಲ್ರಿ," ಎಂದರು ಆಕೆ. "ಇಲ್ಲಿ ಆ ಹುಡುಗ ಹೋದಾಗ ಬಂದವರೆಲ್ಲಾ ಚಿಲಕಾ ಯಾವಾಗ ತಗಸ್ತೀರಿ ಅಂತಷ್ಟ ಕೇಳಿದ್ರು."