ಬಾಯಮ್ಮ ಮೂಸದ ತೆನೆ

ಎಲಿಸಾ ಬಾಯಮ್ಮ ಏನು ಕೊಟ್ಟರೂ ಮೊದಲು ಮೂಸಿ ನೋಡ್ತಿದ್ರು. ನಮ್ಮ ಹೋಟೆಲಿನ ಸಾಂಬಾರು, ಹಾಲಿನ ಪ್ಯಾಕೆಟ್ಟು, ಒಗೆದಿಟ್ಟ ಟವಲ್ಲು. ಸರಿ ಕಾಣದಿದ್ರೆ ಒಂದೇ ಮಾತು: "ಛೀ." ನಾವಿದ್ದ ತಮಿಳರ ಪೇಟೆ ರಾಯಪುರಂ ಇಡೀ ಅವರಿಗೆ ಹೇಸಿಗೆ. ಇಗರ್ಜಿಯಲ್ಲಿ ಮಾತೆಯ ಕೊರಳಿಗೆ ಪ್ಲಾಸ್ಟಿಕ್ ಹಾರ ಹಾಕಿದ್ದು ಕಂಡು, ಜಪಸರ ಹಿಡ್ಕೊಂಡೇ ಛೀ ಅಂದಿದ್ರು.

ಮಂಗಳೂರಿನವರು, ಇಲ್ಲಿ ನರ್ಸಾಗಿದ್ದು ರಿಟೈರಾದವರು. ಒಬ್ಬರೇ ನಮ್ಮ ಹೋಟೆಲಿನ ಮೇಲಿನ ರೂಮಲ್ಲಿದ್ರು. ನಾನು ಕುಂದಾಪುರದ ಕಡೆಯವ, ಕೆಳಗೆ ಸಪ್ಲೈಯರು. ಮೂವತ್ತು ದಾಟಿದ ನನ್ನನ್ನ ಕೂರಿಸಿ ಹತ್ತನೇ ಕ್ಲಾಸು ಓದಿಸಿದ್ದು ಅವರೇ. ವರ್ಷವೆಲ್ಲ ಅವರಿಗೆ ಮಾತೆಯ ಹಬ್ಬದ ಲೆಕ್ಕ. "ಪರೀಕ್ಷೆ ಮಾರ್ಚಲ್ಲಲ್ವಾ? ದೇವದೂತ ಮಾತೆಗೆ ಸುದ್ದಿ ತಂದ ತಿಂಗಳು ಮಾರಾಯ. ನಿನಗೂ ಒಳ್ಳೇ ಸುದ್ದಿ ಬರ್ತದೆ," ಅಂದಿದ್ರು. ಬಂತು.

ದೊಡ್ಡ ಹಬ್ಬ ಸೆಪ್ಟೆಂಬರ್ ಎಂಟು, ಮಾತೆ ಹುಟ್ಟಿದ ದಿನ. ಅವರ ಊರಲ್ಲಿ ಅದು ತೆನೆ ಹಬ್ಬ, ಮೊಂತಿ ಹಬ್ಬ ಅಂತಾರೆ. ಹೊಸ ಭತ್ತದ ತೆನೆಗೆ ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿ, ಕಾಳು ಸುಲಿದು ಕುಟ್ಟಿ, ತೆಂಗಿನ ಹಾಲಲ್ಲಿ ಕಲಸಿ, ಮನೆಯವರೆಲ್ಲ ಒಂದೊಂದು ಚಮಚ ತಿನ್ನಬೇಕು. ಆ ದಿನ ಮೀನಿಲ್ಲ. ಇಲ್ಲಿ ಮನೆಯವರು ಅಂದ್ರೆ ನಾನೊಬ್ಬ. ಹಬ್ಬಕ್ಕೆ ಮೊದಲು ರಜೆ ಹಾಕಿ ಊರಿಗೆ ಹೋದವ ನಮ್ಮ ಗದ್ದೆಯಿಂದ ತೆನೆ ತರ್ತಿದ್ದೆ. ಅದೊಂದನ್ನ ಮಾತ್ರ ಅವರು ಮೂಸ್ತಿರಲಿಲ್ಲ. ತೆಗೊಂಡು ಕಣ್ಣಿಗೊತ್ತಿಕೊಳ್ತಿದ್ರು.

ಒಂದು ವರ್ಷ ರಜೆ ಸಿಗಲಿಲ್ಲ. ಸಿಗಲಿಲ್ಲ ಅಂತ ಹೇಳಿದ್ರೆ ಆಗ್ತಿತ್ತು. ಹೇಳದೆ ಪ್ಯಾರಿಸ್ ಕಾರ್ನರಿನ ಪೇಟೆಗೆ ಹೋಗಿ, ಬಾಗಿಲಿಗೆ ತೂಗುಹಾಕೋ ಒಣಗಿದ ಭತ್ತದ ಗೊಂಚಲು ತಂದೆ. ಗುಬ್ಬಿಗಾ ಅಂತ ಅಂಗಡಿಯವ ತಮಿಳಲ್ಲಿ ಕೇಳಿದ. ಹೂಂ ಅಂದೆ. ಧೂಳು ತೊಳೆದು, ಬಾಳೆಎಲೆಯಲ್ಲಿ ಸುತ್ತಿ ಕೊಟ್ಟೆ. ನಮ್ಮನೆಯಲ್ಲೂ ಹೊಸ್ತು ಮಾಡ್ತಾರೆ, ಹೊಸ ಕಾಳು ಅಂದ್ರೆ ಎಂಥದು ಅಂತ ಗೊತ್ತಿದ್ದೇ ಕೊಟ್ಟೆ. ಅವರು ಕಣ್ಣಿಗೊತ್ತಿಕೊಂಡ್ರು. ಫಾದರ್ ಮುಂದೆ ಹಿಡಿದು ನಿಂತ್ರು.

ಮಧ್ಯಾಹ್ನ ಚಮಚ ಬಾಯಿಗಿಟ್ಟ ಕೂಡ್ಲೇ ಮುಗ್ಗಲು, ಅದರ ಹಿಂದೆ ಹುಳಕ್ಕೆ ಹಾಕೋ ಪುಡಿಯ ಕಮಟು. ನಾನು ಅಗಿಯೋದು ನಿಲ್ಲಿಸಿದೆ. ಬಾಯಮ್ಮನ ಬಾಯೂ ನಿಂತಿತ್ತು. ಆ ಮೂಗಿಗೆ ಗೊತ್ತಾಗದೆ ಇರ್ತದಾ?

"ಯಾರ ಗದ್ದೆದು?"

"ನಮ್ದೇ, ಬಾಯಮ್ಮ."

ಛೀ ಅನ್ನಲಿ ಅಂತ ಕಾದೆ. ಅವರು ನನ್ನನ್ನೇ ನೋಡ್ತಾ ನುಂಗಿದ್ರು. ಉಳಿದದ್ದನ್ನ ಸಿಂಕಿಗೆ ಚೆಲ್ಲಿ, ಎರಡು ಸಲ ಸೋಪು ಹಾಕಿ ಪಾತ್ರೆ ತಿಕ್ಕಿ, ನನಗೆ ಊಟ ಬಡಿಸಿದ್ರು. ನಾನು ಕೆಳಗೆ ಬಂದು ಮೋರಿ ಹತ್ರ ಎಲ್ಲ ಕಕ್ಕಿದೆ. ಅದನ್ನ ನೆನೆದ್ರೆ ಇವತ್ತೂ ನನ್ನ ಮೇಲೆ ನನಗೇ ಹೇಸಿಗೆ.

ಮರುವರ್ಷ ಹಟ ಹಿಡಿದು ರಜೆ ತೆಗೊಂಡು ಊರಿಗೆ ಹೋದೆ. ನಾನೇ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆ. ಅದೇ ಅವರ ಕಡೇ ಮೊಂತಿ ಹಬ್ಬ. ಡಿಸೆಂಬರಿನ ಮಾತೆ ಹಬ್ಬಕ್ಕೆ ಅವರಿರಲಿಲ್ಲ.

ಅವತ್ತು ತೆನೆ ಕೊಟ್ಟಾಗ ಬಾಯಮ್ಮ ಎರಡೂ ಕೈಯಲ್ಲಿ ತೆಗೊಂಡ್ರು. ಕಣ್ಣಿಗೊತ್ತಿಕೊಳ್ಳೋ ಮೊದ್ಲು, ಮೂಗಿನ ಹತ್ರ ಹಿಡಿದು ಮೂಸಿದ್ರು.