ಗೋಡೆಗೆ ತಗುಲಿದ ಚೆಂಡು

ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯ ಆ ಮನೆಯಲ್ಲಿ ಮೇಡಂ ಅವರ ಉತ್ತರಕ್ರಿಯೆಯ ಊಟ ಆಗತಾನೆ ಮುಗಿದಿತ್ತು. ಕೂರಲು ಕುರ್ಚಿಗಳು ಸಾಲದೆ ಅವರ ಮಗಳು ಒಳಕೋಣೆಯ ಕಪಾಟು ತೆರೆದು ಜಮಖಾನ ಎಳೆದಳು. ಅದರ ಜೊತೆಗೇ ನೋವಿನ ಮುಲಾಮಿನ ವಾಸನೆ ಹೊರಗೆ ಬಂತು... ಕರ್ಪೂರ, ನೀಲಗಿರಿ ಎಣ್ಣೆ ಬೆರೆತು ಮೂಗಿನೊಳಗೆ ತಣ್ಣಗೆ ಇಳಿಯುವ ವಾಸನೆ. ಬೆಳಿಗ್ಗೆಯ ವಿಮಾನಕ್ಕೆ ಸಿಡ್ನಿಯಿಂದ ಬಂದಿದ್ದೆ. ಫೋಟೋದ ಎದುರು ಕೈಮುಗಿದಾಗ, ಪಂಕ್ತಿಯಲ್ಲಿ ಕೂತು ಉಂಡಾಗ ನಾನು ಸರಿಯಾಗಿಯೇ ಇದ್ದೆ. ಈ ವಾಸನೆ ಮೂಗಿಗೆ ಬಡಿದಾಗ ಮಾತ್ರ ಅಲ್ಲೇ ಮಂಚದ ಅಂಚಿಗೆ ಕೂತುಬಿಟ್ಟೆ.

ಎರಡು ಸಾವಿರದ ನಾಲ್ಕನೇ ಇಸವಿಯ ಸುಮಾರು. ನಾನು ಸಿಡ್ನಿಯಲ್ಲಿ ಓದುತ್ತಾ, ವಾರಕ್ಕೆ ಮೂರು ದಿನ ಅಲ್ಲಿನ ಲಿವರ್‌ಪೂಲ್ ಎಂಬ ಬಡಾವಣೆಯ ಬಳಿಯ ಒಂದು ದೊಡ್ಡ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲಿಂದ ವೃದ್ಧಾಶ್ರಮಗಳಿಗೆ ಊಟ ಹೋಗುತ್ತಿತ್ತು. ಬೆಲ್ಟಿನ ಮೇಲೆ ಟ್ರೇಗಳು ಸರಿಯುತ್ತಾ ಬರುವವು. ಮೇಡಂ ಆಲೂಗಡ್ಡೆ ಬಡಿಸಿದ ಮೇಲೆ ನಾನು ಗ್ರೇವಿ ಸುರಿಯಬೇಕು. ಉಳಿದವರೆಲ್ಲ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ಊರಿನಲ್ಲಿ, ಉಡುಪಿ ಹತ್ತಿರದ ಹೈಸ್ಕೂಲೊಂದರಲ್ಲಿ ಹದಿನಾಲ್ಕು ವರ್ಷ ಪಿ.ಟಿ. ಟೀಚರ್ ಆಗಿದ್ದವರು ಎಂದು ತಿಳಿದ ದಿನದಿಂದ ನನ್ನ ಬಾಯಿಗೆ ಹೆಸರು ಬರಲಿಲ್ಲ. ಚಿತ್ರದುರ್ಗದ ಕಡೆಯ ನನಗೆ ಪಿ.ಟಿ. ಟೀಚರ್ ಅಂದರೆ ಸೀಟಿ, ಬೆತ್ತ, ಬಿಸಿಲು. ನಾನು ಮೇಡಂ ಎಂದೆ. ಅವರೂ ಬೇಡವೆನ್ನಲಿಲ್ಲ.

ಆಗ ಅವರಿಗೆ ನಲವತ್ತೈದು ಇರಬಹುದು. ಅಗಲ ಭುಜ, ಗಿಡ್ಡ ಕುತ್ತಿಗೆ, ಇನ್ನೂ ಸೀಟಿ ಕಟ್ಟಿಕೊಂಡಿದ್ದಾರೇನೋ ಎನ್ನಿಸುವಂಥ ನಡಿಗೆ. ಅವರ ಯಜಮಾನರು ಮೆಲ್ಬರ್ನ್‌ನಲ್ಲಿ ಬಸ್ ಓಡಿಸುತ್ತಿದ್ದರು, ತಿಂಗಳಿಗೊಮ್ಮೆ ಬರುತ್ತಿದ್ದರು. ಹೈಸ್ಕೂಲಿನ ಕೊನೆಯ ವರ್ಷಗಳಲ್ಲಿದ್ದ ಮಗಳು ಸಿಡ್ನಿ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದಳು. ಮೇಡಂ ಅವರ ಕ್ಯಾಶುವಲ್ ಕೆಲಸ ಕಾಯಂ ಆದರೆ ಯಜಮಾನರೇ ಇಲ್ಲಿಗೆ ಬರುವುದು, ಆಗದಿದ್ದರೆ ಎಲ್ಲರೂ ಮೆಲ್ಬರ್ನ್‌ಗೆ ಹೋಗುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಕಾಯಂ ಮಾಡುವುದಾಗಿ ಸೂಪರ್‌ವೈಸರ್ ಹೇಳಿಯೂ ಆಗಿತ್ತು. ಉಳಿದದ್ದು ಡಾಕ್ಟರ್ ತಪಾಸಣೆ ಒಂದೇ. ಬೆನ್ನು, ಮೊಣಕಾಲು, ಭುಜ ಎಲ್ಲ ಗಟ್ಟಿ ಇವೆಯೇ ಎಂದು ನೋಡುತ್ತಿದ್ದರು. ಮೇಡಂ ಅವರ ಎಡಭುಜ ಗಟ್ಟಿ ಇರಲಿಲ್ಲ. ಅದು ಗೊತ್ತಿದ್ದದ್ದು ಪಕ್ಕದಲ್ಲೇ ನಿಲ್ಲುತ್ತಿದ್ದ ನನಗೆ ಮಾತ್ರ. ಏಪ್ರನ್ನಿನ ಒಳಗಿಂದ ಆ ಮುಲಾಮು ಘಮ್ಮೆನ್ನುತ್ತಿತ್ತು.

ಇದರ ಮಧ್ಯೆ ಕಂಪನಿಯ ಫ್ಯಾಮಿಲಿ ಡೇ ಬಂತು. ಆ ವರ್ಷ ಸಿಡ್ನಿಯ ಪಶ್ಚಿಮದ ಬೇಸ್‌ಬಾಲ್ ಸ್ಟೇಡಿಯಂ ಒಂದನ್ನು ಬಾಡಿಗೆಗೆ ಹಿಡಿದಿದ್ದರು. ಊಟ, ಮಕ್ಕಳ ಆಟ, ಜೊತೆಗೆ ಒಂದು ಪಂದ್ಯ: ಬಯಸಿದವರಿಗೆ ಹತ್ತು ಚೆಂಡು, ಮೈದಾನದ ಅಂಚಿನ ಗೋಡೆ ದಾಟಿಸಿದವರಿಗೆ ಕಪ್. ಊಟದ ಬಿಡುವಿನಲ್ಲಿ ಅದರ ನೋಟೀಸು ಓದಿ ನಮ್ಮ ಸ್ಟೋರ್‌ಕೀಪರ್ ತಲೆಯಾಡಿಸಿದ. ಸಿಡ್ನಿಯಲ್ಲೇ ಹುಟ್ಟಿ ಬೆಳೆದ ಅವನು ಹರೆಯದಲ್ಲಿ ಕ್ಲಬ್ ಬೇಸ್‌ಬಾಲ್ ಆಡಿದ್ದವನು. "ಕಪ್ ಇಲ್ಲಿಗೇ ವಾಪಸ್ ಬರುತ್ತೆ ನೋಡ್ತಿರಿ" ಎಂದ. "ಅದು ವೃತ್ತಿಪರರ ಮೈದಾನ. ಐದು ವರ್ಷ ಆಡಿದ ನನಗೇ ಒಂದು ಸಲವೂ ದಾಟಿಸೋಕೆ ಆಗಲಿಲ್ಲ. ಸಾಮಾನ್ಯರ ಕೈಲಿ ಆಗೋದಲ್ಲ." ಅವನ ದನಿಯಲ್ಲಿ ಹೀಯಾಳಿಕೆ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ.

ಮೇಡಂ ಚಹಾ ಕೆಳಗಿಟ್ಟು, "ನನ್ನ ಹೆಸರು ಬರಿ" ಎಂದರು.

ವಾಪಸ್ ಬೆಲ್ಟಿನ ಹತ್ತಿರ ನಿಂತಾಗ ಯಾಕೆ ಎಂದು ಕೇಳಿದೆ. ಕಾಲೇಜಿನಲ್ಲಿದ್ದಾಗ ಅವರು ಯೂನಿವರ್ಸಿಟಿಯ ಸಾಫ್ಟ್‌ಬಾಲ್ ತಂಡದಲ್ಲಿದ್ದರಂತೆ. "ನಮ್ಮ ಗ್ರೌಂಡಿಗೆ ಬೇಲಿಯೇ ಇರ್ಲಿಲ್ಲ ಮಾರಾಯ. ಚೆಂಡು ಹೋದಷ್ಟು ದೂರ ಹೋಗ್ತಿತ್ತು, ಯಾರೋ ಓಡಿ ಹೋಗಿ ತರ್ತಿದ್ರು. ಹೋಮ್ ರನ್ ಅಂದ್ರೆ ಇಡೀ ಒಂದು ಸುತ್ತು ನಾವು ಓಡಿಯೇ ಮಾಡ್ಬೇಕು. ದಾಟಿಸ್ಲಿಕ್ಕೆ ನಂಗೆ ಆಗ್ತಿತ್ತಾ ಇಲ್ವಾ ಅಂತ ಇಲ್ಲಿವರೆಗೆ ಗೊತ್ತಾಗ್ಲಿಲ್ಲ." ಒಂದು ಟ್ರೇ ಮುಂದೆ ಹೋಯಿತು. "ಅದೊಂದು ಗೊತ್ತಾಗ್ಬೇಕು ನಂಗೆ."

ನಾಲ್ಕು ಶನಿವಾರ ನದಿದಂಡೆಯ ಪಾರ್ಕಿನಲ್ಲಿ ನಾನು ಅವರಿಗೆ ಚೆಂಡು ಎಸೆದೆ. "ಪುಟ ಹಾಕ್ಬೇಡ, ಕ್ರಿಕೆಟ್ ಅಲ್ಲ ಇದು!" ಎಂದು ಮೊದಲ ದಿನವೇ ಬೈಸಿಕೊಂಡೆ. ಬೇಸ್‌ಬಾಲ್ ಚೆಂಡು ಸಾಫ್ಟ್‌ಬಾಲಿಗಿಂತ ಚಿಕ್ಕದು, ಬ್ಯಾಟು ಭಾರ. ಅದು ಅವರ ಕೈಗೆ ಹೊಂದಲು ಎರಡು ವಾರ ಹಿಡಿಯಿತು. ಮೂರನೆಯ ವಾರ ಒಂದು ಹೊಡೆತಕ್ಕೆ ಚೆಂಡು ಬಾರ್ಬೆಕ್ಯೂ ಕಟ್ಟೆಯ ಆಚೆ ಬಿತ್ತು. ಮೇಡಂ ನಗಲಿಲ್ಲ. ಬ್ಯಾಟು ಊರಿಕೊಂಡು ಭುಜ ಹಿಡಿದು ನಿಂತಿದ್ದರು. ಅವರ ಮೇಲ್ದುಟಿಯ ಮೇಲೆ ಬೆವರು ಮೂಡಿತ್ತು. ಇವತ್ತಿಗೆ ಸಾಕು ಎಂದೆ. "ಇನ್ನು ಹತ್ತು" ಎಂದರು.

ಫ್ಯಾಮಿಲಿ ಡೇ ಭಾನುವಾರ. ತಪಾಸಣೆ ಅದರ ಮುಂದಿನ ಮಂಗಳವಾರ. ಶುಕ್ರವಾರ ಯಜಮಾನರು ನನಗೆ ಫೋನ್ ಮಾಡಿದರು. ಅದಕ್ಕೆ ಮುಂಚೆ ಅವರೊಡನೆ ಎರಡು ಸಲವೂ ಮಾತಾಡಿರಲಿಲ್ಲ.

"ನಾನು ಹೇಳಿದ್ರೆ ಜಗಳ ಆಗ್ತದೆ ಮಾರಾಯ್ರೆ. ನೀವು ಒಂದು ಮಾತು ಹೇಳಿ. ಆ ಭುಜ ಹೋದ್ರೆ ಕೆಲಸ ಹೋಯ್ತು. ಮಗಳ ಸ್ಕೂಲ್ ಉಂಟು, ಎಲ್ಲ ಅದರ ಮೇಲೆ ನಿಂತಿದೆ. ನಾನೇ ಹೇಳಿದ್ದು ಅಂತಲೇ ಹೇಳಿ, ಪರವಾಗಿಲ್ಲ."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಶನಿವಾರ ಇಡೀ ದಿನ ಸಿಕ್ಕಿತ್ತು, ಭಾನುವಾರ ಬೆಳಿಗ್ಗೆ ರೈಲಿನಲ್ಲಿ ಮುಕ್ಕಾಲು ಗಂಟೆ ಪಕ್ಕದಲ್ಲೇ ಕೂತಿದ್ದೆ. ಪ್ರತಿ ಸ್ಟೇಷನ್ ಬಂದಾಗಲೂ ಈಗ ಹೇಳಬೇಕು ಅಂದುಕೊಂಡೆ. ಅವರ ಮನಸ್ಸು ನೋಯಿಸಲಾರದೆ ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅದು ನಿಜವಲ್ಲ. ಆ ಚೆಂಡು ಎಲ್ಲಿಯವರೆಗೆ ಹೋಗುತ್ತದೆಂದು ನನಗೂ ನೋಡಬೇಕಿತ್ತು.

ಮಗಳು ಬಂದಿರಲಿಲ್ಲ. ಅಮ್ಮ ಎಲ್ಲರೆದುರು ನಗೆಪಾಟಲಾಗುವುದನ್ನು ನೋಡಲು ತಾನು ಬರುವುದಿಲ್ಲ ಎಂದಿದ್ದಳಂತೆ.

ಸ್ಟೇಡಿಯಂ ಒಳಗೆ ಕಾಲಿಟ್ಟೆವು. ಹಸಿರು ಬಣ್ಣದ ಗೋಡೆ ಅರ್ಧಚಂದ್ರದ ಹಾಗೆ ಬಾಗಿಕೊಂಡಿತ್ತು. ಮಧ್ಯದಲ್ಲಿ ಬಹಳ ದೂರ, ಎಡ ಬಲ ಮೂಲೆಗಳಲ್ಲಿ ತುಸು ಹತ್ತಿರ. ಆ ಹತ್ತಿರವೂ ಹತ್ತಿರವೇನಲ್ಲ. ಪಾರ್ಕಿನ ಬಾರ್ಬೆಕ್ಯೂ ಕಟ್ಟೆ ಅದರ ಅರ್ಧದಾರಿಗೂ ಬರುತ್ತಿರಲಿಲ್ಲ. ಮೇಡಂಗೂ ಅದು ಕಂಡಿತೆಂದು ಕಾಣುತ್ತದೆ. ಎಡ ಮೂಲೆಯನ್ನೇ ನೋಡುತ್ತಾ ನಿಂತರು.

ಮೊದಲು ಸ್ಟೋರ್‌ಕೀಪರ್ ಹೊಡೆದ. ಚೆನ್ನಾಗಿಯೇ ಹೊಡೆದ. ಒಂದೂ ಗೋಡೆ ಮುಟ್ಟಲಿಲ್ಲ. ಆಮೇಲೆ ಬಂದ ನಮ್ಮ ಕ್ರಿಕೆಟ್ ಶೂರರ ಚೆಂಡುಗಳು ಹುಲ್ಲಿನ ಮೇಲೇ ಹರಿದವು. ಮೇಡಂ ಇಳಿದಾಗ ಯಾರೋ ಶಿಳ್ಳೆ ಹಾಕಿದರು. ಚೆಂಡೆಸೆಯುತ್ತಿದ್ದ ಕ್ಲಬ್ಬಿನ ಪಿಚರ್, ಹೊಡೆಯುವವರು ಹೆಂಗಸೆಂದು, ಎರಡು ಹೆಜ್ಜೆ ಮುಂದೆ ಬಂದ. ಮೇಡಂ ಕೈಯೆತ್ತಿ ಅವನನ್ನು ಹಿಂದಕ್ಕೆ ಕಳಿಸಿದರು.

ಮೊದಲ ಎರಡು ಗಾಳಿಗೆ ಹೋದವು. ಮೂರನೆಯದು ಹಿಂದಿನ ಬಲೆಗೆ ಬಡಿಯಿತು. ನಾಲ್ಕು, ಐದು ನೆಲ ಹಿಡಿದವು. ಆರನೆಯದಕ್ಕೆ ಬೀಸಿದಾಗ ಅವರ ಮುಖ ಒಮ್ಮೆಲೆ ಬಿಳುಚಿಕೊಂಡಿತು. ಬ್ಯಾಟು ಬಲಗೈಯಲ್ಲಿ ಜೋತುಬಿತ್ತು. ಎಡಗೈ ಬೆರಳುಗಳನ್ನು ಬಿಚ್ಚಿದರು, ಮಡಚಿದರು, ಮತ್ತೆ ಬಿಚ್ಚಿದರು. ಮೈದಾನದ ಗೇಟು ನನ್ನಿಂದ ಹತ್ತು ಹೆಜ್ಜೆಯಲ್ಲಿತ್ತು. ಮೇಡಂ ತಿರುಗಿ ನನ್ನ ಕಡೆ ನೋಡಿದರು. ಆಗಲಾದರೂ ನಾನು ಹೋಗಬಹುದಿತ್ತು... ಕಂಬಿ ಹಿಡಿದು ನಿಂತೇ ಇದ್ದೆ.

ಏಳನೆಯದನ್ನು ಬಿಟ್ಟರು. ಎಂಟನೆಯದಕ್ಕೆ ಕಾಲೆತ್ತಿ ಇಡೀ ಮೈ ತಿರುಗಿಸಿ ಹೊಡೆದರು. ಒಣಕಟ್ಟಿಗೆ ಸೀಳಿದಂಥ ಸದ್ದು. ಚೆಂಡು ಎಡಮೂಲೆಯತ್ತ ಏರುತ್ತಾ ಹೋಯಿತು. ಅದು ಇಳಿಯಿತು. ಹುಲ್ಲಿನ ಮೇಲೆ ಒಂದು ಪುಟ, ಇನ್ನೊಂದು ಪುಟ, ಆಮೇಲೆ ಉರುಳಿಕೊಂಡು ಹೋಗಿ ಗೋಡೆಯ ಬುಡಕ್ಕೆ ತಗುಲಿ ನಿಂತಿತು.

ಜನರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ಇನ್ನೂ ಎರಡು ಚೆಂಡು ಬಾಕಿ ಇದ್ದವು. ಮೇಡಂ ಬ್ಯಾಟನ್ನು ಮೆಲ್ಲಗೆ ನೆಲಕ್ಕಿಟ್ಟು, ಎಡಗೈಯನ್ನು ಮೈಗೆ ಒತ್ತಿಕೊಂಡು ಹೊರಗೆ ಬಂದರು. ಸ್ಟೋರ್‌ಕೀಪರ್ ಟೋಪಿ ತೆಗೆದು, "ಇವತ್ತಿನ ಅತ್ಯುತ್ತಮ ಹೊಡೆತ" ಎಂದ. ಮೇಡಂ ಅವನನ್ನು ದಾಟಿ ನನ್ನ ಹತ್ತಿರ ಬಂದು, "ಚಪ್ಪಾಳೆ ಎಂತಕ್ಕೆ ಹೊಡೀತಾರೆ ಇವರು? ಹೋಗ್ಲಿಲ್ಲ ಅಲ್ವಾ ಅದು" ಎಂದರು. ಕಣ್ಣಲ್ಲಿ ನೀರಿತ್ತು. ನೋವಿಗೋ ಸಿಟ್ಟಿಗೋ ತಿಳಿಯಲಿಲ್ಲ.

ಮಂಗಳವಾರ ಡಾಕ್ಟರ್ ಕೈ ಮೇಲೆತ್ತಿ ಎಂದಾಗ ಅವರಿಂದ ಎತ್ತಲಾಗಲಿಲ್ಲ. ಎರಡು ತಿಂಗಳಲ್ಲಿ ಅವರು ಮನೆ ಖಾಲಿ ಮಾಡಿ ಮೆಲ್ಬರ್ನ್‌ಗೆ ಹೋದರು. ಸಾಮಾನು ತುಂಬುವ ದಿನ ನಾನು ಸಹಾಯಕ್ಕೆ ಹೋಗಿದ್ದೆ. ಮಗಳು ಕಾರಿನೊಳಗೆ ಕೂತು ಇಳಿಯಲೇ ಇಲ್ಲ. ಆ ಸಿಟ್ಟು ಅವಳಿಗೆ ಬಹಳ ವರ್ಷ ಇತ್ತೆಂದು ಆಮೇಲೆ ಕೇಳಿದೆ.

ನಾಲ್ಕೈದು ವರ್ಷದ ಮೇಲೆ ಆಫೀಸಿನ ಕೆಲಸಕ್ಕೆ ಮೆಲ್ಬರ್ನ್‌ಗೆ ಹೋದಾಗ ಇದೇ ಮನೆಗೆ ಬಂದಿದ್ದೆ. ಮೇಡಂ ಹಿತ್ತಲಲ್ಲಿ ಬಟ್ಟೆ ಹಾಕುತ್ತಿದ್ದರು. ತಂತಿಯನ್ನು ಅವರ ಎದೆಮಟ್ಟಕ್ಕೆ ಇಳಿಸಿ ಕಟ್ಟಿದ್ದರು. ಅದನ್ನು ನೋಡಿ ತಡೆಯಲಾರದೆ ಯಜಮಾನರ ಫೋನಿನ ವಿಷಯ ಹೇಳಿಬಿಟ್ಟೆ. ಮೇಡಂ ಕೈಯಲ್ಲಿದ್ದ ಅಂಗಿಯನ್ನು ಪೂರ್ತಿ ಒಣಹಾಕಿದರು.

"ಹೇಳಿದ್ರೂ ನಾನು ಹೋಗ್ತಿದ್ದೆ" ಎಂದರು. ಇನ್ನೊಂದು ಅಂಗಿ ತೆಗೆದುಕೊಂಡು, "ಆದ್ರೆ ನೀನು ಹೇಳ್ಬೇಕಿತ್ತು" ಎಂದರು.

ಅದಾದ ಮೇಲೂ ಹಬ್ಬಕ್ಕೆ ಫೋನ್ ಮಾಡುತ್ತಿದ್ದರು, ನನ್ನ ಮದುವೆಗೆ ಬಂದರು. ಆ ಮಾತನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ.

ಮಂಚದಿಂದ ಎದ್ದು ಹಾಲ್‌ಗೆ ಬಂದೆ. ಯಜಮಾನರು ನೆಂಟರ ನಡುವೆ ಕೂತಿದ್ದರು. ಬಹಳ ಇಳಿದುಹೋಗಿದ್ದರು. "ದೊಡ್ಡ ಸ್ಟೇಡಿಯಂ ಅದು, ಪ್ರೊಫೆಷನಲ್‌ಗಳು ಆಡುವಂಥದ್ದು. ಗೋಡೆ ದಾಟಿ ಆಚೆ ಬಿತ್ತು ಚೆಂಡು!" ಎನ್ನುತ್ತಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿತು. "ಇವರು ಅಲ್ಲೇ ಇದ್ರು. ಕೇಳಿ ಬೇಕಾದ್ರೆ. ದಾಟಿತು ಅಲ್ವಾ ಮಾರಾಯ್ರೆ?"

ಹತ್ತಾರು ಮುಖಗಳು ನನ್ನ ಕಡೆ ತಿರುಗಿದವು. ಅಡುಗೆಮನೆಯ ಬಾಗಿಲಲ್ಲಿ ಮಗಳು ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ಮೇಡಂ ಇದ್ದಿದ್ದರೆ ಅಲ್ಲೇ ತಿದ್ದುತ್ತಿದ್ದರು. ನಾನು ಹೌದೆಂದು ತಲೆಯಾಡಿಸಿದೆ.

ನೀರಿಗೆಂದು ಒಳಗೆ ಹೋದಾಗ ಅವಳು ಲೋಟ ತೊಳೆಯುತ್ತಾ ತಿರುಗಿ ನೋಡದೆಯೇ ಕೇಳಿದಳು. "ಅಂಕಲ್, ಟೆಲ್ ಮಿ ದ ಟ್ರುತ್. ಡಿಡ್ ಇಟ್ ಗೋ ಓವರ್?"

"ಇಲ್ಲಮ್ಮಾ" ಎಂದೆ. "ಎರಡು ಪುಟ ಬಿದ್ದು, ಉರುಳಿ, ಗೋಡೆಗೆ ತಗುಲಿತು."

ಅವಳು ನಲ್ಲಿ ನಿಲ್ಲಿಸಿದಳು. "ಎರಡು ಪುಟ" ಎಂದು ಕನ್ನಡದಲ್ಲೇ ಹೇಳಿದಳು. "ಅಮ್ಮನೂ ಹಾಗೇ ಹೇಳ್ತಿದ್ರು. ಯಾವಾಗ್ಲೂ ಎರಡೇ." ತೊಳೆದ ಲೋಟವನ್ನು ಬೋರಲು ಹಾಕಿದಳು. "ಐ ಶುಡ್ ಹ್ಯಾವ್ ಕಮ್, ಅಂಕಲ್..." ಎಂದಳು. ಆಮೇಲೆ ಮೂಗು ಒರೆಸಿಕೊಂಡು, "ಅಪ್ಪಂಗೆ ಹೇಳ್ಬೇಡಿ" ಎಂದಳು.

ಹೊರಗೆ ಹೊಸದಾಗಿ ಬಂದ ಯಾರಿಗೋ ಯಜಮಾನರು ಮೊದಲಿನಿಂದ ಶುರುಮಾಡಿದ್ದರು. ನಾನು ಹೋಗಿ ಅವರ ಪಕ್ಕದಲ್ಲಿ ಕೂತೆ.